ಹಬ್ಬದ ದಿನ ಉಣ್ಣಿ, ಮರುದಿನ ಗೆಲ್ಲಿ: ಹೊಟ್ಟೆ ಬಿರಿಯುವ ದಿನಗಳಿಗೆ 12 ಸೂತ್ರಗಳು

ಬೆಳಗಾವಿ ಜಿಲ್ಲೆಯ ಗಡಿಯೂರು ಕಣಕುಂಬಿಯಲ್ಲಿ ನೆಂಟರ ಮನೆಯ ಮದುವೆ. ಬಾಳೆಎಲೆಯ ಮೇಲೆ ಎರಡನೆಯ ಹೋಳಿಗೆ ಇನ್ನೂ ಅರ್ಧ ಉಳಿದಿತ್ತು, ಅಷ್ಟರಲ್ಲಿ ಮೂರನೆಯದು ಬಂದು ಬಿತ್ತು. ಹಿಂದೆಯೇ ತುಪ್ಪದ ಗಿಂಡಿ ಹಿಡಿದ ಅಜ್ಜಿ ಬಂದರು. ನಾನು 'ಸಾಕು' ಅಂದೆ. ಅವರಿಗೆ 'ಹಾಕು' ಎಂದು ಕೇಳಿಸಿತು. ಹೀಗೆ ಐದು ಹೋಳಿಗೆ, ಅದಕ್ಕೆ ತಕ್ಕ ಕಟ್ಟಿನ ಸಾರು, ಎರಡು ಸಲ ಅನ್ನ, ಲೆಕ್ಕವಿಲ್ಲದಷ್ಟು ಹಪ್ಪಳ. ಜಾಂಬೋಟಿ ದಾಟಿ ಬೆಳಗಾವಿ ಸೇರುವವರೆಗೆ ಪ್ಯಾಂಟಿನ ಗುಂಡಿ ಬಿಚ್ಚಿಕೊಂಡೇ ಕೂತಿದ್ದೆ.

ಮರುದಿನ ಬೆಳಿಗ್ಗೆ ತೂಕದ ಯಂತ್ರ ಹತ್ತಿದರೆ 1.6 ಕಿಲೋ ಹೆಚ್ಚಿಗೆ! ಎದೆ ಧಸಕ್ಕೆಂದಿತು. ಪ್ರಾಯಶ್ಚಿತ್ತಕ್ಕೆಂದು ಇಡೀ ದಿನ ಬರೀ ಚಹಾದ ಮೇಲೆ ಕಳೆದೆ. ಸಂಜೆ ಏಳಕ್ಕೆ ಮಿಠಾಯಿ ಅಂಗಡಿಯ ಮುಂದೆ ಸ್ಕೂಟರ್ ತಾನಾಗಿಯೇ ನಿಂತಿತು. ಕಾಲು ಕಿಲೋ ಕುಂದಾ ಕೊಂಡು, ಮನೆಗೂ ಒಯ್ಯದೆ, ಸ್ಕೂಟರಿನ ಮೇಲೆ ಕೂತೇ ಮುಗಿಸಿದೆ. ಮದುವೆಯಲ್ಲಿ ಉಂಡದ್ದು ಖುಷಿಯಿಂದ. ಇದು ಮಾತ್ರ ಹೆದರಿಕೆಯಿಂದ ತಿಂದದ್ದು.

ಆಗೊಮ್ಮೆ ಈಗೊಮ್ಮೆ ಹೊಟ್ಟೆ ಬಿರಿಯುವಂತೆ ಉಣ್ಣುವುದು ಸಹಜವೇ? ಸಹಜ. ಆರೋಗ್ಯವಂತರಿಗೆ ಅದರಿಂದ ಕೇಡೂ ಇಲ್ಲ. ಕೆಡುವುದು ಬಹುಮಟ್ಟಿಗೆ ಮರುದಿನ. ಆ ಮರುದಿನವನ್ನು ಗೆಲ್ಲುವುದಕ್ಕೆ ಈ ಸೂತ್ರಗಳು.

1. ಮೊದಲು ಲೆಕ್ಕ ಹಾಕಿ, ಭಯ ಆಮೇಲೆ

ಮೈಯಲ್ಲಿ ಒಂದು ಕಿಲೋ ಕೊಬ್ಬು ಕೂಡಬೇಕಾದರೆ ಸುಮಾರು 7,700 ಕ್ಯಾಲೊರಿ ಹೆಚ್ಚುವರಿಯಾಗಿ ಬೇಕು. ಮದುವೆಮನೆಯಲ್ಲಿ ದಿನದ ಅಗತ್ಯಕ್ಕಿಂತ 2,000 ಕ್ಯಾಲೊರಿ ಜಾಸ್ತಿ ಹೊಡೆದಿರಿ ಎಂದುಕೊಳ್ಳಿ. ಅಷ್ಟೂ ಕೊಬ್ಬಾದರೂ ಕೂಡುವುದು ಕಾಲು ಕಿಲೋದ ಆಸುಪಾಸು. ನಾನು ಕಂಡ 1.6 ಕಿಲೋ ಕೊಬ್ಬಾಗಿದ್ದರೆ ಒಂದೇ ದಿನದಲ್ಲಿ 12,000 ಕ್ಯಾಲೊರಿಗೂ ಹೆಚ್ಚು ಮೀರಿ ತಿಂದಿರಬೇಕಿತ್ತು. ಆ ಅಜ್ಜಿಯ ಕೈಯಲ್ಲೂ ಅದು ಆಗುವ ಮಾತಲ್ಲ.

ಮಲಪ್ರಭಾ ನದಿ ಹುಟ್ಟುವುದು ಇದೇ ಕಣಕುಂಬಿಯಲ್ಲಿ. ಇಲ್ಲಿ ಒಂದು ದಿನ ಜಡಿಮಳೆ ಹೊಡೆದರೆ ಹಳ್ಳ ಉಕ್ಕಬಹುದು, ಸವದತ್ತಿಯ ನವಿಲುತೀರ್ಥ ಅಣೆಕಟ್ಟು ತುಂಬುವುದಿಲ್ಲ. 37.73 ಟಿಎಂಸಿಯ ಆ ಜಲಾಶಯ ತುಂಬಲು ಹಂಗಾಮಿಡೀ ಮಳೆ ಬೇಕು. ಹೊಟ್ಟೆಯ ಸುತ್ತಿನ ಜಲಾಶಯದ್ದೂ ಅದೇ ಕತೆ.

2. ಮರುದಿನ ತೂಕದ ಯಂತ್ರ ಹತ್ತಬೇಡಿ

ಹಾಗಾದರೆ ಆ 1.6 ಕಿಲೋ ಏನು? ಬಹುಪಾಲು ನೀರು. ಅನ್ನ, ಹೋಳಿಗೆ, ಬೆಲ್ಲದಿಂದ ಬಂದ ಸಕ್ಕರೆಯ ಒಂದು ಭಾಗವನ್ನು ದೇಹ ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಡುತ್ತದೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯ ಉಪ್ಪು ಇನ್ನಷ್ಟು ನೀರನ್ನು ತಡೆಯುತ್ತದೆ. ಮೇಲೆ ಇನ್ನೂ ಕರುಳಿನಲ್ಲೇ ಇರುವ ನಿನ್ನೆಯ ಊಟದ ಭಾರ.

ಇದೆಲ್ಲ ಮೂರು ನಾಲ್ಕು ದಿನದಲ್ಲಿ ಇಳಿಯುತ್ತದೆ, ನೀವು ಏನೂ ಮಾಡದಿದ್ದರೂ. ಅದಕ್ಕೇ ಯಂತ್ರವನ್ನು ಒಂದು ವಾರ ಮಂಚದ ಕೆಳಗೆ ತಳ್ಳಿ. ಅದು ಸುಳ್ಳು ಹೇಳುವುದಿಲ್ಲ ನಿಜ, ಆದರೆ ನೀರು ಯಾವುದು ಕೊಬ್ಬು ಯಾವುದು ಎಂದು ಬಿಡಿಸಿ ಹೇಳುವುದೂ ಇಲ್ಲ.

3. ಉಣ್ಣುವ ದಿನಕ್ಕೊಂದು ಹೆಸರಿರಲಿ

ನಮ್ಮ ಹಿರಿಯರು ಕ್ಯಾಲೊರಿ ಲೆಕ್ಕ ಬಲ್ಲವರಲ್ಲ, ಪಂಚಾಂಗ ಬಲ್ಲವರು. ಪಂಚಮಿಗೆ ಉಂಡಿ, ಚೌತಿಗೆ ಮೋದಕ ಅಥವಾ ಕಡುಬು, ದೀಪಾವಳಿಗೆ ಕರ್ಚಿಕಾಯಿ, ಹೋಳಿಗೆ ಹೋಳಿಗೆ. ಮಧ್ಯೆ ಮಧ್ಯೆ ಜಾತ್ರೆ, ಮದುವೆ. ಎರಡು ಹಬ್ಬಗಳ ನಡುವೆ ಬರೀ ಅನ್ನ, ಸಾರು, ರೊಟ್ಟಿ, ಅದರ ಜೊತೆಗೆ ಗದ್ದೆಯ ಕೆಲಸ. ಖಾನಾಪುರದ ಮಳೆಯಲ್ಲಿ ದಿನವಿಡೀ ಬೆನ್ನು ಬಗ್ಗಿಸಿ ಭತ್ತ ನಾಟಿ ಮಾಡಿದವರು ಹಬ್ಬದ ದಿನ ನಾಲ್ಕು ಹೋಳಿಗೆ ಉಂಡರೆ ಅದು ಹೊಟ್ಟೆಬಾಕತನ ಅಲ್ಲ, ಬಾಕಿ ವಸೂಲಿ.

ಈಗ ಕುಂದಾ ವರ್ಷದ 365 ದಿನವೂ ಡಬ್ಬಿಯಲ್ಲಿ ಸಿಗುತ್ತದೆ. 'ಇವತ್ತು ಯಾಕೆ ತಿಂತಿದೀನಿ?' ಎಂದು ಕೇಳಿಕೊಂಡು ನೋಡಿ. ಹಬ್ಬದ ಹೆಸರು, ಮನುಷ್ಯರ ಹೆಸರು ಅಥವಾ ಊರಿನ ಹೆಸರು ಉತ್ತರವಾಗಿ ಬಂದರೆ ಧಾರಾಳವಾಗಿ ತಿನ್ನಿ. 'ಸುಮ್ನೆ' ಎಂದು ಬಂದರೆ ಡಬ್ಬಿ ಮುಚ್ಚಿ.

4. ಹಸಿದ ಹುಲಿಯಾಗಿ ಹೋಗಬೇಡಿ

'ಮಧ್ಯಾಹ್ನ ಮದುವೆ ಊಟ ಐತಿ, ಬೆಳಿಗ್ಗಿಂದ ಏನೂ ತಿಂದಿಲ್ಲ' ಎಂದು ಹೆಮ್ಮೆ ಪಡುವವರನ್ನು ಪಂಕ್ತಿಯಲ್ಲಿ ಗಮನಿಸಿ. ಉಪ್ಪು ಬಡಿಸುವ ಮೊದಲೇ ಕೋಸಂಬರಿ ಖಾಲಿ ಮಾಡಿರುತ್ತಾರೆ. ಹಸಿವು ಮಿತಿ ಮೀರಿದಾಗ ಕೈಗೆ ವೇಗ ಬರುತ್ತದೆ, ನಾಲಿಗೆಗೆ ರುಚಿ ತಿಳಿಯುವುದಿಲ್ಲ. ಉಪವಾಸದಲ್ಲಿ ಉಳಿಸಿದ್ದಕ್ಕಿಂತ ಹೆಚ್ಚು ಊಟದಲ್ಲಿ ಹೋಗುತ್ತದೆ.

ಬೆಳಿಗ್ಗೆ ಒಂದು ರೊಟ್ಟಿ-ಪಲ್ಯ, ಮೊಟ್ಟೆ ತಿನ್ನುವವರಾದರೆ ಒಂದು ಮೊಟ್ಟೆ, ಇಲ್ಲವೇ ಒಂದು ಬಟ್ಟಲು ಮೊಳಕೆ ಕಾಳು. ಇಷ್ಟು ಹೊಟ್ಟೆಯಲ್ಲಿದ್ದರೆ ಎಲೆಯ ಮುಂದೆ ಮನುಷ್ಯರಂತೆ ಕೂರಬಹುದು.

5. ಅಪರೂಪದ್ದಕ್ಕೆ ಮೊದಲ ಮಣೆ

ಹಬ್ಬದ ಹೊಟ್ಟೆಗೂ ಜಾಗದ ಮಿತಿ ಇದೆ. ಆ ಜಾಗವನ್ನು ಎಲ್ಲಿಯೂ ಸಿಗುವ ಚಿಪ್ಸು, ಬಾಟಲಿಯ ಬಣ್ಣದ ನೀರಿಗೆ ಬಿಟ್ಟುಕೊಡಬೇಡಿ.

ಬೆಳಗಾವಿಯ ಮಾಂಡೆಯನ್ನು ನೋಡಿ. ಗೋದಿಯ ಕಣಕವನ್ನು ಮುಂಗೈಗಳ ಮೇಲೆ ಬೀಸಿ ಬೀಸಿ ಪಂಚೆಯಂತೆ ಅಗಲ ಮಾಡಿ, ಬೋರಲು ಹಾಕಿದ ಕಾದ ಬೋಗುಣಿಯ ಮೇಲೆ ಹೊದಿಸಿ, ಸಕ್ಕರೆ-ಖವೆ ಸವರಿ ಮಡಿಸುತ್ತಾರೆ. ಮಡಿಸಿದ ಮೇಲೆ ಅದು ಬೆರಳು ತಾಗಿದರೂ ಮುರಿಯುವಷ್ಟು ಗರಿ. ಇಷ್ಟು ಕೈಚಳಕ ಬೇಡುವ ತಿನಿಸನ್ನು ವರ್ಷಕ್ಕೆರಡು ಸಲ ತಿನ್ನದವನು ಬೆಳಗಾವಿಯಲ್ಲಿದ್ದೂ ಇಲ್ಲದಂತೆ. ಕುಂದಾವೂ ಹಾಗೆಯೇ. ಹಾಲು ಕಾದು ಕಾದು ಕೆಂಪಾಗಿ, ಕಾಳು ಕಾಳಾಗುವವರೆಗೆ ಒಲೆಯ ಮುಂದೆ ನಿಂತವರ ತಾಳ್ಮೆಗೆ ಬೆಲೆ ಕೊಡಿ.

ಇಡೀ ಪಂಕ್ತಿ ನೋಡಿ ಮೂರನ್ನು ಆರಿಸಿ. ಆ ಮೂರನ್ನು ಮನಸಾರೆ ತಿನ್ನಿ, ಉಳಿದದ್ದಕ್ಕೆ ಕೈ ಮುಗಿಯಿರಿ.

6. ಇಪ್ಪತ್ತು ನಿಮಿಷ ಕೊಡಿ, ಕೈ ಅಡ್ಡ ಹಿಡಿಯಿರಿ

ಹೊಟ್ಟೆ ತುಂಬಿತೆಂಬ ಸುದ್ದಿ ಮಿದುಳಿಗೆ ಪೂರ್ತಿ ತಲುಪಲು ಸುಮಾರು 20 ನಿಮಿಷ ಬೇಕು. ನಮ್ಮ ಮದುವೆಮನೆಗಳಲ್ಲಿ ಮುಂದಿನ ಪಂಕ್ತಿಯವರು ಅಷ್ಟರೊಳಗೆ ನಮ್ಮ ಕುರ್ಚಿಯ ಹಿಂದೆ ಬಂದು ನಿಂತಿರುತ್ತಾರೆ. ಹೀಗಾಗಿ ಸುದ್ದಿ ತಲುಪುವ ಮೊದಲೇ ಊಟ ಮುಗಿದಿರುತ್ತದೆ.

ಆದಷ್ಟು ಕೊನೆಯ ಪಂಕ್ತಿಗೆ ಕೂರಿ. ಪಕ್ಕದವರ ಜೊತೆ ಮಾತಾಡಿ. ಎರಡನೆಯ ಸುತ್ತಿನ ಹೋಳಿಗೆಗೆ ಮುಂಚೆ ಒಂದು ಲೋಟ ಮಜ್ಜಿಗೆ ಕುಡಿಯುವಷ್ಟು ಹೊತ್ತು ತಡೆಯಿರಿ. ನಿಜಕ್ಕೂ ಸಾಕಾದಾಗ ಬಾಯಿಮಾತು ನಂಬಿ ಕೂರಬೇಡಿ, 'ಸಾಕು' 'ಹಾಕು' ಆಗುವ ಅಪಾಯವಿದೆ. ಎರಡೂ ಅಂಗೈ ಎಲೆಯ ಮೇಲೆ ಅಡ್ಡ ಹಿಡಿಯಿರಿ. ಕನ್ನಡ, ಮರಾಠಿ, ಕೊಂಕಣಿ ಮೂರೂ ಕಿವಿಗೆ ಬೀಳುವ ಈ ಗಡಿಯಲ್ಲಿ ಎಲ್ಲರಿಗೂ ತಿಳಿಯುವ ಭಾಷೆ ಅದೊಂದೇ.

ಬಡಿಸುವವರಿಗೂ ಒಂದು ಮಾತು: ಒಂದು ಸಲ ಒತ್ತಾಯಿಸಿದರೆ ಪ್ರೀತಿ, ಎರಡನೆಯ ಸಲ ಉಪಚಾರ, ಮೂರನೆಯ ಸಲ ಶಿಕ್ಷೆ.

7. ದೇಹವನ್ನು ನಂಬಿ, ಪರೀಕ್ಷೆಗೆ ಹಚ್ಚಬೇಡಿ

ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದವರು 2020ರಲ್ಲಿ ಒಂದು ಮಜದ ಪ್ರಯೋಗ ಪ್ರಕಟಿಸಿದರು. 22ರಿಂದ 37 ವಯಸ್ಸಿನ 14 ಆರೋಗ್ಯವಂತ ಗಂಡಸರಿಗೆ ಒಂದು ದಿನ ಹಿತವಾಗಿ ಹೊಟ್ಟೆ ತುಂಬುವಷ್ಟು ಪಿಜ್ಜಾ, ಇನ್ನೊಂದು ದಿನ ಇನ್ನೊಂದು ತುತ್ತೂ ಇಳಿಯದು ಎನ್ನುವವರೆಗೆ ಪಿಜ್ಜಾ. ಎರಡನೆಯ ದಿನ ಅವರು ತಿಂದದ್ದು ಹೆಚ್ಚುಕಡಿಮೆ ಎರಡು ಪಟ್ಟು, ಸರಾಸರಿ 3,000 ಕ್ಯಾಲೊರಿಯ ಆಸುಪಾಸು. ಆದರೂ ರಕ್ತದ ಸಕ್ಕರೆ ಮಾಮೂಲಿ ಊಟದ ದಿನಕ್ಕಿಂತ ಹೆಚ್ಚಾಗಲಿಲ್ಲ. ಅದನ್ನು ಹಿಡಿದಿಡಲು ಇನ್ಸುಲಿನ್ ಮಾತ್ರ ಸುಮಾರು ಶೇ 50ರಷ್ಟು ಜಾಸ್ತಿ ದುಡಿಯಬೇಕಾಯಿತು.

ಅಂದರೆ ಒಂದು ದಿನದ ಅತಿಯನ್ನು ಆರೋಗ್ಯವಂತ ದೇಹ ಸಂಭಾಳಿಸುತ್ತದೆ, ಆದರೆ ಒಳಗಿನವರಿಗೆ ಓವರ್‌ಟೈಮ್ ಬೀಳುತ್ತದೆ. ಅಪರೂಪಕ್ಕೊಮ್ಮೆಯಾದರೆ ಯಾವ ಕೆಲಸಗಾರನೂ ಓವರ್‌ಟೈಮಿಗೆ ಬೇಡ ಅನ್ನುವುದಿಲ್ಲ. ದಿನಾ ಮಾಡಿಸಿದರೆ ಮುಷ್ಕರ ಖಂಡಿತ.

8. ಉಂಡ ಕೂಡಲೇ ಉರುಳಬೇಡಿ

ಕಣಕುಂಬಿಯಲ್ಲಿ ಉಂಡವರಿಗೆ ಒಂದು ಅನುಕೂಲವಿದೆ. ಮಾವುಲಿ ದೇವಿಯ ಗುಡಿಯವರೆಗೆ, ಹೊಳೆ ಹುಟ್ಟುವ ಜಾಗದವರೆಗೆ ನಡೆದು ಬರಬಹುದು. ಮುಂದೆ 304 ಕಿಲೋಮೀಟರ್ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ನದಿ ಇಲ್ಲಿ ಎಷ್ಟು ಸಣ್ಣದಾಗಿ ಶುರುವಾಗುತ್ತದೆ ಎಂದು ನೋಡಿದಂತೆಯೂ ಆಯಿತು.

ನಿಮ್ಮ ಊರಿನಲ್ಲಾದರೆ ಓಣಿಯೇ ಸಾಕು. ಊಟದ ನಂತರ 10-15 ನಿಮಿಷ ನಿಧಾನ ನಡೆದರೆ ದುಡಿಯುವ ಸ್ನಾಯುಗಳು ರಕ್ತದ ಸಕ್ಕರೆಯನ್ನು ನೇರವಾಗಿ ಎಳೆದುಕೊಳ್ಳುತ್ತವೆ. ಓಡಬೇಡಿ, ದಂಡ-ಬೈಠಕ್ ಬೇಡ. ತುಂಬಿದ ಹೊಟ್ಟೆಯಲ್ಲಿ ಚಾಪೆಗೆ ಬಿದ್ದರೆ ಆಮ್ಲ ಗಂಟಲಿಗೆ ಬರುತ್ತದೆ. ಮಲಗುವುದಕ್ಕೆ ಕನಿಷ್ಠ ಎರಡು ಮೂರು ತಾಸು ಬಿಡಿ.

9. ಡಬ್ಬಿ ಮನೆಗೆ ತರಬೇಡಿ

ಹಬ್ಬ ಮುಗಿದರೂ ಫ್ರಿಜ್‌ನಲ್ಲಿ ಹಬ್ಬ ಮುಂದುವರಿಯುತ್ತದೆ. ಹಬ್ಬದ ದಿನ ಐದು ಹೋಳಿಗೆ ತಿಂದವರು ನಂತರದ ನಾಲ್ಕು ದಿನ 'ಕೆಡ್ತಾವಲ್ಲ' ಎಂದು ದಿನಕ್ಕೆರಡರಂತೆ ಎಂಟು ತಿನ್ನುತ್ತಾರೆ. ಮೇಲೆ ಸುರಿದುಕೊಳ್ಳುವ ಒಂದು ದೊಡ್ಡ ಚಮಚ ತುಪ್ಪದಲ್ಲೇ ಸುಮಾರು 130 ಕ್ಯಾಲೊರಿ. ಹಬ್ಬಕ್ಕಿಂತ ಹಬ್ಬದ ಬಾಲವೇ ಉದ್ದ.

ಉಳಿದದ್ದನ್ನು ಅಂದೇ ಸಂಜೆ ಅಕ್ಕಪಕ್ಕದವರಿಗೆ, ಕೆಲಸಕ್ಕೆ ಬರುವವರಿಗೆ, ಹಾಸ್ಟೆಲ್ ಹುಡುಗರಿಗೆ ಹಂಚಿ. ಹಾಸ್ಟೆಲ್ ಹುಡುಗರಿಗೆ ಹೋಳಿಗೆ ಕೊಟ್ಟಷ್ಟು ಪುಣ್ಯ ಬೇರೆ ಯಾವುದಕ್ಕೂ ಇಲ್ಲ.

10. ಶಿಕ್ಷೆಯ ಉಪವಾಸ ಬೇಡವೇ ಬೇಡ

ಇದು ಎಲ್ಲಕ್ಕಿಂತ ಮುಖ್ಯ, ನಾನು ಸೋತದ್ದೂ ಇಲ್ಲಿಯೇ.

1924ರ ಸೆಪ್ಟೆಂಬರ್‌ನಲ್ಲಿ ಗಾಂಧೀಜಿ ದೆಹಲಿಯಲ್ಲಿ 21 ದಿನಗಳ ಉಪವಾಸ ಕೈಗೊಂಡರು. ಅದೇ ಡಿಸೆಂಬರ್‌ನಲ್ಲಿ ಬೆಳಗಾವಿಗೆ ಬಂದು, ತಾವು ಅಧ್ಯಕ್ಷರಾದ ಏಕೈಕ ಕಾಂಗ್ರೆಸ್ ಅಧಿವೇಶನವನ್ನು ನಡೆಸಿದರು. ಆ ಉಪವಾಸ ಹಿಂದೂ-ಮುಸ್ಲಿಂ ಐಕ್ಯಕ್ಕಾಗಿತ್ತು, ಹಿಂದಿನ ದಿನದ ಊಟಕ್ಕೆ ದಂಡವಾಗಿ ಅಲ್ಲ. ವ್ರತಕ್ಕೆ ಮನಸ್ಸು ಸಿದ್ಧವಾಗಿರುತ್ತದೆ. ಶಿಕ್ಷೆಗೆ ಮನಸ್ಸು ತಿರುಗಿ ಬೀಳುತ್ತದೆ. ಅತಿಯಾಗಿ ತಿನ್ನು, ನಾಚು, ಉಪವಾಸ ಮಾಡು, ಹಸಿದು ಮತ್ತೆ ಅತಿಯಾಗಿ ತಿನ್ನು. ಈ ಗಾಣಕ್ಕೆ ಕೊರಳು ಕೊಟ್ಟರೆ ಬಿಡಿಸಿಕೊಳ್ಳುವುದು ಕಷ್ಟ.

ಉಪವಾಸದ ಹೆಸರಿನ ಊಟದ ಬಗ್ಗೆಯೂ ಎಚ್ಚರ. 'ಏಕಾದಶಿ, ದುಪ್ಪಟ್ ಖಾಶಿ' ಎಂದು ಇಲ್ಲಿನ ಮರಾಠಿ ಮನೆಗಳಲ್ಲಿ ನಗುತ್ತಾರೆ. ಏಕಾದಶಿಯೆಂದರೆ ಎರಡು ಪಟ್ಟು ತಿನ್ನುವುದು ಎಂದರ್ಥ. ಒಣ ಸಾಬುದಾಣಿ 100 ಗ್ರಾಂಗೆ ಸುಮಾರು 350 ಕ್ಯಾಲೊರಿ, ಅದಕ್ಕೆ ಶೇಂಗಾ, ಎಣ್ಣೆ ಬೇರೆ. ನಮ್ಮ ಬೆಳಗಾವಿ-ಖಾನಾಪುರದ ಹೊಲಗಳಲ್ಲೇ ಬೆಳೆಯುವ ಗೆಣಸು ಬೇಯಿಸಿದರೆ 100 ಗ್ರಾಂಗೆ 90ರ ಆಸುಪಾಸು, ಜೊತೆಗೆ ನಾರೂ ಉಂಟು. ಉಪವಾಸ ಮಾಡುವುದೇ ಆದರೆ ಗೆಣಸಿನ ಪಕ್ಷ ಸೇರಿ.

ಮರುದಿನಕ್ಕೆ ಮದ್ದು ಸರಳ: ಮಾಮೂಲಿ ಹೊತ್ತಿಗೆ ಮಾಮೂಲಿ ತಿಂಡಿ. ಮಧ್ಯಾಹ್ನ ರೊಟ್ಟಿ, ಸೊಪ್ಪಿನ ಪಲ್ಯ, ಬೇಳೆ, ಮಜ್ಜಿಗೆ. ನೀರು ಧಾರಾಳ. ಹಸಿವಿಲ್ಲದಿದ್ದರೆ ಕಡಿಮೆ ತಿನ್ನಿ, ಆದರೆ ಹೊತ್ತು ತಪ್ಪಿಸಬೇಡಿ.

11. ಹಬ್ಬಗಳನ್ನು ಎಣಿಸಿ

ಒಂದು ದಿನದ ಮಳೆಗೆ ಅಣೆಕಟ್ಟು ತುಂಬದು ಎಂದೆ. ಮಳೆ ನಿಲ್ಲದೇ ಹೋದರೆ? ಅಮೆರಿಕದಲ್ಲಿ 195 ವಯಸ್ಕರನ್ನು ತೂಕ ಮಾಡುತ್ತ ಹೋದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. ವರ್ಷಾಂತ್ಯದ ಹಬ್ಬದ ವಾರಗಳಲ್ಲಿ ಅವರಿಗೆ ಕೂಡಿದ ಸರಾಸರಿ ತೂಕ ಬರೀ 0.37 ಕಿಲೋ. ಜನ ಹೆದರಿದ್ದಕ್ಕಿಂತ ಬಹಳ ಕಡಿಮೆ. ಆದರೆ ಆ ಚೂರು ಮುಂದಿನ ತಿಂಗಳುಗಳಲ್ಲಿ ಪೂರ್ತಿ ಇಳಿಯಲಿಲ್ಲ. ಹೀಗೆ ವರ್ಷ ವರ್ಷಕ್ಕೆ ಚೂರು ಚೂರು ಸೇರಿ ನಡುವಯಸ್ಸಿನ ಹೊಟ್ಟೆ ಆಗುತ್ತದೆ.

ಗೋಡೆಯ ಕ್ಯಾಲೆಂಡರಿನಲ್ಲಿ ಭರ್ಜರಿ ಊಟದ ದಿನಕ್ಕೆ ಒಂದು ಸುತ್ತು ಹಾಕಿ. ತಿಂಗಳ ಕೊನೆಗೆ ಒಂದು, ಎರಡು ಸುತ್ತು ಕಂಡರೆ ಅದು ಜೀವನ. ಎಂಟು, ಹತ್ತು ಕಂಡರೆ ಅದಕ್ಕೆ 'ಅಪರೂಪ' ಎಂಬ ಹೆಸರು ಸಲ್ಲದು. ಶನಿವಾರ ಚೋರ್ಲಾ ಘಟ್ಟದ ದಾರಿ, ಭಾನುವಾರ ಗೋವೆಯ ಮೀನೂಟ, ಬುಧವಾರ ಗೆಳೆಯನ ಹುಟ್ಟುಹಬ್ಬ ಎಂದು ವಾರವಿಡೀ ತಿನ್ನುತ್ತಿದ್ದರೆ ಮಳೆಗಾಲ ಮುಗಿದೇ ಇಲ್ಲ ಎಂದರ್ಥ.

12. ಈ ಸೂತ್ರಗಳು ಯಾರಿಗಲ್ಲ ಎಂದು ತಿಳಿಯಿರಿ

ಸಕ್ಕರೆ ಕಾಯಿಲೆ ಇದ್ದವರಿಗೆ ಲೆಕ್ಕ ಬೇರೆ. ಐಸಿಎಂಆರ್ ನೆರವಿನ ಅಧ್ಯಯನ 2023ರಲ್ಲಿ ಪ್ರಕಟಿಸಿದ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ, ಅದರ ಹೊಸ್ತಿಲಲ್ಲಿ ಇರುವವರು 13.6 ಕೋಟಿ. ಪಂಕ್ತಿಯಲ್ಲಿ ನಿಮ್ಮ ಅಕ್ಕಪಕ್ಕ ಕೂತವರಲ್ಲೇ ಒಬ್ಬರಿರಬಹುದು. 'ಒಂದು ಹೋಳಿಗಿಗೆ ಏನಾಗತದ, ಗುಳಿಗಿ ಒಂದು ಜಾಸ್ತಿ ತಗೋರಿ' ಎನ್ನುವ ವೈದ್ಯರು ಪ್ರತಿ ಪಂಕ್ತಿಯಲ್ಲೂ ಸಿಗುತ್ತಾರೆ, ಅವರ ಮಾತು ಕೇಳಬೇಡಿ. ಗುಳಿಗೆ, ಇನ್ಸುಲಿನ್ ಪ್ರಮಾಣವನ್ನು ನೀವಾಗಿ ಏರಿಸುವುದು, ಇಳಿಸುವುದು ಬೇಡ. ಹೃದ್ರೋಗ, ಮೂತ್ರಪಿಂಡದ ತೊಂದರೆ ಇರುವವರೂ ಹಬ್ಬಕ್ಕೆ ಮೊದಲೇ ತಮ್ಮ ವೈದ್ಯರನ್ನು ಕೇಳಿಕೊಳ್ಳಿ. ಭಾರಿ ಊಟದ ಮೇಲೆ ಎದೆ ಹಿಂಡಿದಂತಾಗಿ, ಬೆವರು ಒಸರಿ, ನೋವು ತೋಳಿಗೆ ಹರಿದರೆ 'ಗ್ಯಾಸು' ಎಂದು ಸೋಡಾ ಕುಡಿಯುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ.

ಇನ್ನೊಂದು ಗುಂಪು ಇದೆ, ಅವರು ಪಂಕ್ತಿಯಲ್ಲಿ ಕಾಣುವುದಿಲ್ಲ. ಹಸಿವಿಲ್ಲದಿದ್ದರೂ ಗಬಗಬ ತಿನ್ನುವುದು, ನಿಲ್ಲಿಸಲು ಆಗದಿರುವುದು, ಯಾರೂ ನೋಡಬಾರದೆಂದು ಒಬ್ಬರೇ ತಿನ್ನುವುದು, ತಿಂದ ಮೇಲೆ ತಮ್ಮ ಮೇಲೆಯೇ ಅಸಹ್ಯ. ಇದು ವಾರಕ್ಕೊಮ್ಮೆಯಾದರೂ ಆಗುತ್ತ ಮೂರು ತಿಂಗಳು ಮುಂದುವರಿದರೆ ಮನೋವೈದ್ಯರು ಅದನ್ನು ಕಾಯಿಲೆಯೆಂದೇ ಪರಿಗಣಿಸುತ್ತಾರೆ. ಅದಕ್ಕೆ ಚಿಕಿತ್ಸೆಯೂ ಉಂಟು. ತಿಂದದ್ದನ್ನು ಬೇಕೆಂದೇ ವಾಂತಿ ಮಾಡುತ್ತಿದ್ದರೆ ಮೂರು ತಿಂಗಳೂ ಕಾಯಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮಗೆ ದೂರವೇನಲ್ಲ. ಹೊಟ್ಟೆನೋವಿಗೆ ಡಾಕ್ಟರ ಹತ್ತಿರ ಹೋಗುವಷ್ಟೇ ಸಲೀಸಾಗಿ ಇದಕ್ಕೂ ಹೋಗಿ.

ನನ್ನ ಕಾಲು ಕಿಲೋ ಕುಂದಾದಲ್ಲೂ ಆ ಗುಟ್ಟಿನ ಸಣ್ಣ ನೆರಳು ಇತ್ತು. ಅದಕ್ಕೇ ಮುಂದಿನ ಸಲ ಆಟ ಬದಲಿಸಿದೆ. ಅದೇ ಮನೆಯ ಗೃಹಪ್ರವೇಶಕ್ಕೆ ಹೋಗಿ ಮೂರು ಹೋಳಿಗೆ ಉಂಡೆ, ನಾಲ್ಕನೆಯದಕ್ಕೆ ಎರಡೂ ಅಂಗೈ ಅಡ್ಡ ಹಿಡಿದೆ. ಅಜ್ಜಿ ನಕ್ಕು ಮುಂದಿನ ಎಲೆಗೆ ಹೋದರು. ತೂಕದ ಯಂತ್ರ ಮಂಚದ ಕೆಳಗೇ ಇತ್ತು. ನೀವೂ ಮುಂದಿನ ಮದುವೆಗೆ ನಾಚದೆ ಹೋಗಿ, ನಾಚದೆ ಉಣ್ಣಿ. ಮರುದಿನ ಬೆಳಿಗ್ಗೆ ಎಂಟಕ್ಕೆ ಎಂದಿನಂತೆ ಒಂದು ಬಟ್ಟಲು ಅವಲಕ್ಕಿ ತಿಂದು ಕೆಲಸಕ್ಕೆ ಹೊರಡಿ.